ಹಲ್ಲಿನ ಬೇರು ಮತ್ತು ಬೇಳೆಯ ಕಟ್ಟು

ಹಲ್ಲುನೋವಿನವನಿಗೆ ಸಿಗಬೇಕಾದ ಮರ್ಯಾದೆ ಈ ಲೋಕದಲ್ಲಿ ಸಿಗುವುದಿಲ್ಲ ಎಂಬುದು ನನ್ನ ಬಹುದಿನದ ದೂರು. ಜ್ವರ ಬಂದರೆ ನೆರೆಯವರು ಮೋಸಂಬಿ ಹಿಡಿದುಕೊಂಡು ಬರುತ್ತಾರೆ, ಹಾಸಿಗೆಯ ಅಂಚಿನಲ್ಲಿ ಕೂತು ಮೆಲುದನಿಯಲ್ಲಿ ಮಾತಾಡುತ್ತಾರೆ. ಕಾಲು ಮುರಿದರೆ ನಾಲ್ಕು ಮಂದಿ ಎತ್ತಿಕೊಂಡು ಹೋಗುತ್ತಾರೆ. ಹಲ್ಲುನೋವು ಎಂದರೆ ಮಾತ್ರ ಬರಿಗೈಯಲ್ಲಿ ಬಂದು, ನಿಂತೇ ಇದ್ದು, ಬಾಯಿ ತೆಗೆಯಲು ಹೇಳಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಒಳಗೆಲ್ಲ ಇಣುಕಿ, "ಕೀಳಿಸಿಬಿಡ್ರಿ" ಎಂದು ಹೇಳಿ ಹೋಗುತ್ತಾರೆ. ಕೆಲವರು ಹೋಗುವ ಮುಂಚೆ ತಮ್ಮ ಹಲ್ಲು ಕೀಳಿಸಿಕೊಂಡ ಕಥೆಯನ್ನೂ ಹೇಳುತ್ತಾರೆ. ಆ ಕಥೆಯಲ್ಲಿ ರಕ್ತ ಯಾವಾಗಲೂ ಒಂದು ತಂಬಿಗೆಯಷ್ಟು ಇರುತ್ತದೆ. ಇಷ್ಟೆಲ್ಲ ಆಗುವಾಗ ನೋವಿನವನು ಬಾಯಿ ತೆರೆದೇ ಇರಬೇಕಾಗುವುದರಿಂದ ಉತ್ತರ ಕೊಡಲಿಕ್ಕೂ ಆಗುವುದಿಲ್ಲ.

ನನಗೆ ಹಲ್ಲು ಕೀಳಿಸುವ ಹಾಗಿರಲಿಲ್ಲ. ಅದಕ್ಕೆ ಕಾರಣ ನನ್ನ ನೌಕರಿ. ನಿಜಾಮರ ಕಾಲದಲ್ಲಿ ನಾನು ಚಿತ್ತಾಪುರದ ತಹಸೀಲ ಕಚೇರಿಯಲ್ಲಿ ಪೇಶಕಾರನಾಗಿದ್ದೆ. ತಹಸೀಲ್ದಾರರು ಕುರ್ಚಿಗೆ ಒರಗಿ ಕೂತಿರುತ್ತಾರೆ, ಪೇಶಕಾರ ಪಕ್ಕದಲ್ಲಿ ನಿಂತು ಕಾಗದಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾನೆ, ಅವರು ಕೇಳಿ ಹುಕುಂ ಹೇಳುತ್ತಾರೆ. ಕಾಗದವೆಲ್ಲ ಉರ್ದು. ನಮ್ಮ ಮನೆತನದಲ್ಲಿ ಉರ್ದು ಕಲಿತ ಮೊದಲನೆಯವನು ನಾನು. ಉಳಿದದ್ದಕ್ಕೆ ಏನಾದರೂ ಅನ್ನಲಿ, ನನ್ನ ಉಚ್ಚಾರದಲ್ಲಿ ಹೈದರಾಬಾದಿನವರೂ ತಪ್ಪು ಹುಡುಕುವಂತಿರಲಿಲ್ಲ. ಆದರೆ ಉರ್ದುವಿನ ಉಚ್ಚಾರವೆಲ್ಲ ಮೇಲಿನ ಮುಂದಿನ ಎರಡು ಹಲ್ಲುಗಳ ಮೇಲೆ ನಿಂತಿದೆ ಎಂಬುದನ್ನು ನಮ್ಮ ಉಸ್ತಾದರು ಹೇಳಿಕೊಟ್ಟಿರಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟವರು ನನ್ನ ಹಿಂದಿನ ಪೇಶಕಾರರು, ಚಿಂಚೋಳಿ ಕಡೆಯ ಒಬ್ಬ ಹಿರಿಯರು. ಅವರ ಮುಂದಿನ ಹಲ್ಲು ಬಿದ್ದಮೇಲೆ 'ಫ' ಎಂದರೆ ಗಾಳಿ ಬರುತ್ತಿತ್ತು, 'ಜ' ಎಂದರೆ ಸೀಟಿ ಬರುತ್ತಿತ್ತು. ಒಂದು ದಿನ ಭೂಮಿಯ ತಕರಾರಿನ ದೊಡ್ಡ ಫೈಸಲಾ ಓದುವಾಗ ಕಚೇರಿಯ ಹೊರಗೆ ಕಟ್ಟಿದ್ದ ಯಾರದೋ ನಾಯಿ ಎರಡು ಸಲ ಎದ್ದು ಒಳಗೆ ಬಂತು. ಮರುವಾರ ಅವರನ್ನು ಹಳೇ ಕಾಗದಗಳನ್ನು ಇಡುವ ಮುಹಾಫಿಜ್‌ಖಾನೆಗೆ ಹಾಕಿದರು. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ ಆ ಮನುಷ್ಯನಿಗೆ ಅದರ ಹೆಸರು ಹೇಳಲಿಕ್ಕೂ ಆಗುತ್ತಿರಲಿಲ್ಲ. ಬೆರಳು ತೋರಿಸುತ್ತಿದ್ದರು.

ಹೀಗಿರುವಾಗ ನನ್ನ ಮುಂದಿನ ಹಲ್ಲೇ ಕೈಕೊಟ್ಟಿತು. ಎಷ್ಟೋ ವರ್ಷದ ಹಿಂದೆ ಸೇಡಂ ಕಡೆಯಿಂದ ರೈಲಿನಲ್ಲಿ ಬರುವಾಗ ತಂಬಿಗೆಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದೆ, ಗಾಡಿ ತಟ್ಟನೆ ನಿಂತಿತು, ತಂಬಿಗೆ ನಿಲ್ಲಲಿಲ್ಲ. ಆಗ ಸ್ವಲ್ಪ ನೋವಾಗಿ ಬಿಟ್ಟಿತ್ತು. ಆಮೇಲೆ ಹಲ್ಲು ಮೆಲ್ಲಗೆ ಬೂದಿ ಬಣ್ಣಕ್ಕೆ ತಿರುಗಿತು, ನಾನು ಎಲೆ ಅಡಿಕೆಯ ಮೇಲೆ ತಪ್ಪು ಹಾಕಿ ಸುಮ್ಮನಿದ್ದೆ. ಆ ವರ್ಷ ಚಳಿಗಾಲಕ್ಕೆ ಹಲ್ಲಿನ ಮೇಲಿನ ವಸಡಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಎದ್ದು, ತುಟಿ ಬಾತು, ಓದುವುದಿರಲಿ, ಉಗುಳು ನುಂಗುವುದೂ ಕಷ್ಟವಾಯಿತು. ನನ್ನ ಹೆಂಡತಿ ನೀಲಮ್ಮನ ತವರು ಸೇಡಂ ಹತ್ತಿರದ ಆಡಕಿ. ಅಲ್ಲಿ ಹಲ್ಲಿನ ಹುಳ ತೆಗೆಯುವ ಮುದುಕಿಯೊಬ್ಬಳು ಇದ್ದಾಳೆ ಎಂದು ಕರೆದುಕೊಂಡು ಹೋದಳು. ಮುದುಕಿ ಬದನೆ ಬೀಜ ಕೆಂಡಕ್ಕೆ ಹಾಕಿ, ನಳಿಗೆಯಿಂದ ನನ್ನ ಬಾಯಿಗೆ ಹೊಗೆ ಬಿಟ್ಟು, ನೀರಿನ ತಟ್ಟೆಯಲ್ಲಿ ಬೆಳ್ಳಗೆ ಸಣ್ಣಗೆ ಬಿದ್ದಿದ್ದನ್ನು ತೋರಿಸಿ, "ಏಳು ಹುಳ ಅದಾವ, ಎಣಿಸ್ಕೋ" ಎಂದಳು. ನಾನು ಎಣಿಸಿದೆ. ಏಳೇ ಇದ್ದವು. ಮನಸ್ಸಿಗೆ ಭಾಳ ಸಮಾಧಾನವಾಯಿತು. ಊರಿಗೆ ಬರುವಷ್ಟರಲ್ಲಿ ಗುಳ್ಳೆ ಇನ್ನಷ್ಟು ಬೆಳೆದಿತ್ತು.

ಕೊನೆಗೆ ಶಹಾಬಾದಿನ ಹಲ್ಲಿನ ಡಾಕ್ಟರ ಹೆಸರು ಹೇಳಿದವರು ನಮ್ಮ ತಹಸೀಲ್ದಾರರೇ. ಡಾಕ್ಟರ್ ಕರೀಮುದ್ದೀನ್ ಸಾಹೇಬರು ಮುಂಬಯಿಗೆ ಹೋಗಿ ಹಲ್ಲಿನ ವಿದ್ಯೆ ಕಲಿತು ಬಂದವರಂತೆ. ಶುಕ್ರವಾರ ನಮಗೆ ರಜೆ, ಅವರು ನಮಾಜಿನ ಹೊತ್ತಿನವರೆಗೆ ಕೂತಿರುತ್ತಾರೆ. ಚಿತ್ತಾಪುರದಿಂದ ವಾಡಿಗೆ ಒಂದು ರೈಲು, ವಾಡಿಯಲ್ಲಿ ಇಳಿದು ಇನ್ನೊಂದು ಕಂಪನಿಯ ರೈಲಿಗೆ ಕಾದು ಶಹಾಬಾದ್. ಒಂದು ಗಾಡಿ ಹೊತ್ತಿಗೆ ಬಂದರೆ ಇನ್ನೊಂದು ಬರುತ್ತಿರಲಿಲ್ಲ. ನಾನು ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಕರವಸ್ತ್ರದಿಂದ ತುಟಿ ಮುಚ್ಚಿಕೊಂಡು ಕೂತಿದ್ದರೆ ಗುರುತಿದ್ದವರು, ನಮ್ಮ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ತಿಳಿದು, ಎದುರಿಗೆ ನಿಂತು ತಲೆ ತಗ್ಗಿಸಿ ಹೋಗುತ್ತಿದ್ದರು. ಬಿಡಿಸಿ ಹೇಳುವ ಶಕ್ತಿ ಇರಲಿಲ್ಲ.

ಡಾಕ್ಟರ ದವಾಖಾನೆಯಲ್ಲಿ ನೆಲವೆಲ್ಲ ನುಣ್ಣನೆಯ ಕಲ್ಲಿನ ಹಾಸು, ಮಧ್ಯೆ ಒಂದು ಎತ್ತರದ ಕುರ್ಚಿ, ಪಕ್ಕದಲ್ಲಿ ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಕೊರೆಯುವ ಯಂತ್ರ. ಅವರು ಐವತ್ತರ ಹತ್ತಿರದವರು, ಸಣಕಲು, ಮಾತು ಕಡಿಮೆ. ನನ್ನ ಮುಂದೆ ಕಲ್ಲುಗಣಿಯ ಇಬ್ಬರು ಕೂಲಿಗಳಿದ್ದರು. ಇಬ್ಬರ ದವಡೆ ಹಲ್ಲನ್ನೂ ನಾನು ಒಂದು ವೀಳ್ಯ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಿತ್ತು ಬಟ್ಟಲಿಗೆ ಹಾಕಿದರು. ನಾನು ವೀಳ್ಯವನ್ನು ಹಾಗೇ ಉಗಿದುಬಂದೆ. ಡಾಕ್ಟರು ನನ್ನ ಹಲ್ಲನ್ನು ಒಂದು ಕಡ್ಡಿಯಿಂದ ತಟ್ಟಿ, ಗುಳ್ಳೆ ಒತ್ತಿ, ನನ್ನ ಕೆಲಸವೇನು ಎಂದು ಕೇಳಿದರು. ನಾನು ಕಷ್ಟಪಟ್ಟು ಎಲ್ಲ ಹೇಳಿದೆ, ಹಿಂದಿನ ಪೇಶಕಾರರ ಗತಿಯನ್ನೂ ಹೇಳಿದೆ. ಅವರು ಕಡ್ಡಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡರು.

"ಪೇಶಕಾರ ಸಾಹೇಬ್ರ, ಈ ಊರಿಗೆ ಬಂದಾಗಿನಿಂದ ಕೀಳೋದೇ ಆಗ್ಯದ. ಒಂದು ಹಲ್ಲರ ಉಳಿಸಬೇಕಂತ ಭಾಳ ದಿನದಿಂದ ಆಸೆ ಅದ. ನಿಮಗ ತಾಳ್ಮಿ ಅದ ಏನು?"

ಇದೆ ಎಂದೆ. ತಹಸೀಲ ಕಚೇರಿಯವನಿಗೆ ತಾಳ್ಮೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದರು. ಹಲ್ಲಿನ ಬೇರಿನೊಳಗೆ ದಾರದಷ್ಟು ಸಣ್ಣ ಕಾಲುವೆ ಇರುತ್ತದೆ, ಅದರಲ್ಲಿ ನರ ಇರುತ್ತದೆ. ನನ್ನ ನರ ತಂಬಿಗೆಯ ಪೆಟ್ಟಿಗೇ ಸತ್ತಿದೆ, ಸತ್ತದ್ದು ಒಳಗೇ ಕೊಳೆತಿದೆ, ಅಲ್ಲಿ ಜರಾಸೀಮ್ ಮನೆ ಮಾಡಿವೆ. ಜರಾಸೀಮ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಅವನ್ನು ತೊಳೆದು, ಮದ್ದು ಹಾಕಿ, ಒಂದೂ ಉಳಿಯದಂತೆ ಮಾಡಿ, ಕಾಲುವೆಯನ್ನು ಗಟ್ಟಿಯಾಗಿ ತುಂಬಿಬಿಟ್ಟರೆ ಹಲ್ಲು ಸತ್ತರೂ ಜಾಗ ಬಿಡುವುದಿಲ್ಲ. ಕಚೇರಿಯಲ್ಲಿ ಅಂಥವರನ್ನು ನಾನು ಕಂಡಿದ್ದರಿಂದ ನನಗೆ ಇದು ಕೂಡಲೇ ಅರ್ಥವಾಯಿತು. ಆಡಕಿಯಲ್ಲಿ ಏಳು ಹುಳ ಬಿದ್ದದ್ದನ್ನು ತಿಳಿಸಿದೆ. ಅವರು ಅದನ್ನು ಅಲ್ಲಗಳೆಯಲಿಲ್ಲ, "ಹೌದೇನ್ರಿ" ಎಂದು ಕೈ ತೊಳೆಯಲು ಹೋದರು.

ಚಿಕಿತ್ಸೆಯ ವಿವರ ಹೇಳಿ ಯಾರನ್ನೂ ಹೆದರಿಸಬೇಕೆಂದಿಲ್ಲ. ಮೊದಲು ತೆಳುವಾದ ರಬ್ಬರ್ ಹಾಳೆಗೆ ತೂತು ಮಾಡಿ, ಆ ಒಂದೇ ಹಲ್ಲು ಹೊರಗೆ ಬರುವಂತೆ ಬಾಯಿಗೆ ಪರದೆ ಹಾಕಿದರು. ಉಗುಳು ತಾಕಬಾರದಂತೆ, ಉಗುಳಿನಲ್ಲೂ ಜರಾಸೀಮ್ ಇವೆಯಂತೆ. ಪರದೆಯ ಹಿಂದೆ ನಾನು, ಪರದೆಯ ಮುಂದೆ ಒಂಟಿಯಾಗಿ ನನ್ನ ಹಲ್ಲು. ಅವರು ಯಂತ್ರ ತುಳಿಯುತ್ತ ಹಲ್ಲಿನ ಬೆನ್ನಿಗೆ ಕಿಂಡಿ ಕೊರೆದರು. ಒಳಗಿನ ಕೀವು ಇಳಿದ ಕೂಡಲೇ ಎಂಟು ದಿನದ ನೋವು ಒಂದೇ ಗಳಿಗೆಯಲ್ಲಿ ಹೋಯಿತು, ನನ್ನ ಕಣ್ಣಲ್ಲಿ ನೀರು ಬಂತು. ನೋವಾಯಿತೇ ಎಂದು ಅವರು ಕೇಳಿದರು. ಸುಖಕ್ಕೆ ಅಳುತ್ತಿದ್ದೇನೆ ಎಂದು ರಬ್ಬರ್ ಹಾಳೆಯ ಹಿಂದಿನಿಂದ ಹೇಗೆ ಹೇಳುವುದು? ಆಮೇಲೆ ಮುಳ್ಳುಮುಳ್ಳಾದ ಸಣ್ಣ ತಂತಿಯಿಂದ ಒಳಗಿನದನ್ನು ಕೆರೆದು ತೆಗೆದು, ಬಟ್ಟೆ ಬಿಳುಪು ಮಾಡುವ ಪುಡಿಯ ವಾಸನೆ ಬರುವ ನೀರಿನಿಂದ ತೊಳೆದು, ಕರ್ಪೂರ ಮತ್ತು ಕಾರ್ಬಾಲಿಕ್ ಬೆರೆಸಿದ ಮದ್ದಿನಲ್ಲಿ ಅದ್ದಿದ ಹತ್ತಿಯ ಎಳೆ ಇಟ್ಟು, ಲವಂಗದ ಎಣ್ಣೆಯಲ್ಲಿ ಕಲಸಿದ ಬಿಳಿ ಲೇಪದಿಂದ ಕಿಂಡಿ ಮುಚ್ಚಿದರು. ನನ್ನ ಬಾಯಿಯಲ್ಲಿ ಒಂದೇ ಸಮಯಕ್ಕೆ ದೇವರ ಮನೆ, ದವಾಖಾನೆ ಮತ್ತು ಅಡುಗೆ ಮನೆಯ ವಾಸನೆ ಬರತೊಡಗಿತು.

ನಿಜವಾದ ತೊಂದರೆ ಎರಡನೆಯ ಶುಕ್ರವಾರ ಶುರುವಾಯಿತು. ಜರಾಸೀಮ್ ಸತ್ತಿವೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲವಲ್ಲ. ಅದಕ್ಕೆ ಅವರು ಬೇಯಿಸಿ ಒಣಗಿಸಿದ ಕಾಗದದ ಕಡ್ಡಿಯೊಂದನ್ನು ಬೇರಿನ ಕಾಲುವೆಗೆ ಇಳಿಸಿ, ಹೊರಗೆ ತೆಗೆದು, ತಿಳಿಯಾದ ರಸವಿದ್ದ ಬೆರಳುದ್ದದ ಗಾಜಿನ ಶೀಶೆಗೆ ಹಾಕಿ ಬೂಚು ಹಾಕಿದರು. ಒಳಗೆ ಒಂದಾದರೂ ಬದುಕಿದ್ದರೆ ರಸ ತಿಂದು ಸಂಸಾರ ಬೆಳೆಸುತ್ತದೆ, ರಸ ಮಬ್ಬಾಗುತ್ತದೆ. ತಿಳಿಯಾಗೇ ಉಳಿದರೆ ಕಾಲುವೆ ಶುದ್ಧವಾಯಿತೆಂದು ಅರ್ಥ. ಆದರೆ ಅದು ಮೈಯಷ್ಟೇ ಬೆಚ್ಚಗಿರಬೇಕು. ಮುಂಬಯಿಯಲ್ಲಿ ಅದಕ್ಕೇ ಒಂದು ಪೆಟ್ಟಿಗೆ ಇತ್ತಂತೆ, ಶಹಾಬಾದಿನಲ್ಲಿ ಇರಲಿಲ್ಲ. "ಪೆಟ್ಟಿಗಿ ಇಲ್ಲ ಅಂದ್ರ ಏನಾಯ್ತು, ನೀವು ಅದೀರಲ್ಲ" ಎಂದು ಶೀಶೆಯನ್ನು ನನ್ನ ಬನಿಯನ್ನಿನ ಒಳಕಿಸೆಗೆ ಇಟ್ಟರು. ಮುಂದಿನ ಶುಕ್ರವಾರದವರೆಗೆ ಮೈಗೆ ಹತ್ತಿಯೇ ಇರಬೇಕು, ಯಾವ ಕಾರಣಕ್ಕೂ ಬೂಚು ತೆಗೆಯಬಾರದು ಎಂದರು. ಹೀಗೆ ನಾನು ನನ್ನ ಹಲ್ಲಿನ ಒಕ್ಕಲನ್ನು ಎದೆಗೆ ಇಟ್ಟುಕೊಂಡು ಊರಿಗೆ ಬಂದೆ.

ಮನೆಯಲ್ಲಿ ಅಂಗಿ ಕಳಚಿದಾಗ ನೀಲಮ್ಮ ಶೀಶೆ ನೋಡಿ ಅದರಲ್ಲಿ ಏನಿದೆ ಎಂದಳು. ರಸ ಎಂದೆ. ಯಾತರ ರಸ ಎಂದಳು. ಅವಳಿಗೆ ಉರ್ದು ಬರುವುದಿಲ್ಲ ಎಂಬ ಧೈರ್ಯದಿಂದ, ಡಾಕ್ಟರು ಹೇಳಿದ್ದ ಹೆಸರನ್ನೇ ಹಿಡಿದು, "ಯಖ್ನಿ" ಎಂದು ಗಂಭೀರವಾಗಿ ಹೇಳಿದೆ. ಹನ್ನೆರಡು ವರ್ಷದಿಂದ ನಮ್ಮ ಪಕ್ಕದ ಮನೆಯಲ್ಲಿದ್ದವರು ಕಚೇರಿಯ ದಫೇದಾರರ ಬೇಗಂ. ಅಡುಗೆಯ ವಿಷಯದಲ್ಲಿ ನೀಲಮ್ಮನಿಗೆ ನನಗಿಂತ ಹೆಚ್ಚು ಉರ್ದು ಬರುತ್ತಿತ್ತು. ಯಖ್ನಿ ಎಂದರೆ ಮಾಂಸ ಬೇಯಿಸಿದ ನೀರು ಎಂದು ಅವಳೇ ನನಗೆ ಹೇಳಿದಳು. ಲಿಂಗಪೂಜೆಯ ಮನೆಯೊಳಗೆ, ಅದೂ ಎದೆಯ ಮೇಲೆ, ಅದನ್ನು ಇಟ್ಟುಕೊಂಡು ಬಂದಿದ್ದಕ್ಕೆ ಸಿಟ್ಟು ಮಾಡಲಿಲ್ಲ. ಶೀಶೆಯನ್ನು ಎರಡು ಬೆರಳಲ್ಲಿ ಹಿಡಿದು ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟು, ನನಗೆ ಸ್ನಾನಕ್ಕೆ ನೀರು ಕಾಯಿಸಿದಳು, ಅಷ್ಟೆ. ಚಳಿಗೆ ಶೀಶೆ ಎಮ್ಮೆಯ ಮೂಗಿನಷ್ಟು ತಣ್ಣಗಾಯಿತು. ಅಂಥ ಚಳಿಯಲ್ಲೂ ಮಬ್ಬಾಯಿತು ಎಂದರೆ ನನ್ನ ಬೇರಿನಲ್ಲಿ ಎಂಥ ಗಟ್ಟಿ ಕುಳಗಳಿದ್ದವು ಎಂದು ಊಹಿಸಬಹುದು.

ಮರುವಾರ ಡಾಕ್ಟರ ಮುಂದೆ ನನ್ನ ಧರ್ಮಸಂಕಟ ಹೇಳಿಕೊಂಡೆ. ಮನೆಯಾಕೆ ಏನಾದರೂ ಉಪಾಯ ಹೇಳಿದರೇ ಎಂದು ಕೇಳಿದರು. ಹೇಳಿದ್ದಳು. ಜರಾಸೀಮಿಗೆ ತಿನ್ನಲಿಕ್ಕೆ ಬೇಕು, ಅಷ್ಟೇ ತಾನೆ, ತೊಗರಿಬೇಳೆಯ ಕಟ್ಟು ಆಗುವುದಿಲ್ಲವೇ ಎಂದಿದ್ದಳು. ನಾವೆಲ್ಲ ಅದನ್ನೇ ತಿಂದು ಬೆಳೆದಿದ್ದೇವೆ, ನಿಮ್ಮ ಬಾಯಲ್ಲೇ ಇರುವ ಅವುಗಳಿಗೂ ಅದೇ ರೂಢಿ ಇರಬೇಕು ಎಂದಿದ್ದಳು. ಉಪ್ಪಿಲ್ಲದೆ ಬೇಳೆ ಬೇಯಿಸಿ, ಕಟ್ಟನ್ನು ಮಡಿಸಿದ ಬಟ್ಟೆಯಲ್ಲಿ ಐದು ಸಲ ಸೋಸಿ, ಮತ್ತೆ ಕುದಿಸಿ ಕಳಿಸಿದ್ದ ಗಿಂಡಿಯನ್ನು ಸಂಕೋಚದಿಂದ ಅವರ ಮುಂದಿಟ್ಟೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಶೀಶೆಗೆ ಹಾಕಿ ಅದರಲ್ಲಿ ತಮ್ಮ ಉಗುಳಿನ ಹನಿ ಬೆರೆಸಿ ತಮ್ಮ ಕಿಸೆಯಲ್ಲೇ ಇಟ್ಟುಕೊಂಡರು. ಎರಡೇ ದಿನದಲ್ಲಿ ಮೊಸರಿನ ನೀರಿನಂತಾಯಿತಂತೆ. ಮುಂದಿನ ಶುಕ್ರವಾರ, ಮುಂಬಯಿಯ ಕಾಲೇಜಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ ಎಂದು ಹೇಳುವಾಗ ಅವರ ಮುಖದಲ್ಲಿ ನಾನು ಮೊದಲ ಸಲ ನಗು ಕಂಡೆ. ಅಂದಿನಿಂದ ಪ್ರತಿ ಶುಕ್ರವಾರ ನನ್ನ ಜೊತೆ ಒಂದು ಗಿಂಡಿ ಕಟ್ಟೂ ಶಹಾಬಾದಿಗೆ ಹೋಗತೊಡಗಿತು. ನನ್ನ ಯೋಗಕ್ಷೇಮಕ್ಕಿಂತ ಅದರ ಯೋಗಕ್ಷೇಮವನ್ನು ಡಾಕ್ಟರು ಹೆಚ್ಚಾಗಿ ಕೇಳುತ್ತಿದ್ದರು.

ಕಟ್ಟಿನ ಶೀಶೆ ಮನೆಗೆ ಬಂತು, ದೇವರ ಮನೆಯೊಂದನ್ನು ಬಿಟ್ಟು ಎಲ್ಲ ಕಡೆ ಓಡಾಡಿತು. ಆದರೆ ಮಬ್ಬಾಗುವುದನ್ನು ಬಿಡಲಿಲ್ಲ. ಆ ವಾರ ಮಬ್ಬು. ಡಾಕ್ಟರು ಮತ್ತೆ ತೊಳೆದು ಮದ್ದು ಹಾಕಿದರು. ಮರುವಾರವೂ ಮಬ್ಬು. ಮದ್ದು ಬಲ ಮಾಡಿದರು. ಆಚೆ ವಾರವೂ ಮಬ್ಬು. ಗುಳ್ಳೆ ಇಳಿದು ವಸಡು ಗುಲಾಬಿ ಬಣ್ಣಕ್ಕೆ ಬಂದಿತ್ತು, ಹಲ್ಲು ತಟ್ಟಿದರೆ ನೋಯುತ್ತಿರಲಿಲ್ಲ, ತಂತಿ ಒಳಗೆ ಹೋಗಿ ಬರುವಾಗ ಯಾವ ವಾಸನೆಯೂ ಇರಲಿಲ್ಲ. ಶೀಶೆ ಮಾತ್ರ ಬೇರೆ ಹೇಳುತ್ತಿತ್ತು. ಕಚೇರಿಯಲ್ಲಿ ನಾನು ಓದಲು ಬಾಯಿ ತೆರೆದರೆ ತಹಸೀಲ್ದಾರರು ಕುರ್ಚಿಯನ್ನು ಒಂದು ಮೊಳ ಹಿಂದೆ ಸರಿಸಿಕೊಳ್ಳುತ್ತಿದ್ದರು, ಅಷ್ಟು ಕರ್ಪೂರ. ಅದೇ ಹೊತ್ತಿಗೆ ಜಿಲ್ಲೆಯ ಎಲ್ಲರ ಮೇಲಿನ ಅಧಿಕಾರಿಗಳಾದ ತಾಲ್ಲೂಕುದಾರ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ಅವರ ಮುಂದೆ ಓದುವವನು ನಾನೇ. ಬಾಯಿ ಸರಿ ಇದೆಯೋ ಇಲ್ಲವೋ ಮೊದಲೇ ಹೇಳಿರಿ, ಇಲ್ಲವಾದರೆ ಸೇಡಂ ತಹಸೀಲಿನಿಂದ ಬೇರೆಯವರನ್ನು ಕರೆಸಬೇಕಾಗುತ್ತದೆ ಎಂದು ತಹಸೀಲ್ದಾರರು ಮರ್ಯಾದೆಯಿಂದಲೇ ಹೇಳಿದರು. ಸೇಡಂನ ಪೇಶಕಾರನಿಗೆ ಮೂವತ್ತೆರಡೂ ಹಲ್ಲಿದ್ದವು, ಅವೆಲ್ಲ ಎಲ್ಲರಿಗೂ ಕಾಣುವಂತೆ ಅವನು ನಗುತ್ತಿದ್ದ.

ಡಾಕ್ಟರು ಬಳಲಿದ್ದರು. ಆ ಶುಕ್ರವಾರ ಅವರು ಮಬ್ಬಾದ ಶೀಶೆಯನ್ನು ಬೆಳಕಿಗೆ ಹಿಡಿದು ಭಾಳ ಹೊತ್ತು ನೋಡಿ, ಮದ್ದಿನ ಬಲ ಇನ್ನು ಹೆಚ್ಚಿಸಿದರೆ ವಸಡೇ ಸುಡುತ್ತದೆ ಎಂದರು. ಮುಂದಿನ ವಾರವೂ ಹೀಗೇ ಆದರೆ ಕೀಳುವುದೊಂದೇ ದಾರಿ. ಆಮೇಲೆ ದೋಷ ಬೇಳೆಯ ಕಟ್ಟಿನಲ್ಲೇ ಇರಬಹುದೇ, ಸರಿಯಾಗಿ ಕುದಿಸಿರಲಿಕ್ಕಿಲ್ಲವೇ ಎಂದು ಅನುಮಾನ ಪಟ್ಟರು. ನನಗೆ ಆ ಅನುಮಾನ ಭಾಳ ಹಿಡಿಸಿತು. ಮನೆಗೆ ಬಂದು ಅದನ್ನು ಹಾಗೇ ಹೇಳಿಬಿಟ್ಟೆ.

ನೀಲಮ್ಮ ನನಗೆ ಊಟಕ್ಕೆ ಬಡಿಸಿದಳು, ಆದರೆ ಸಾರಿನಲ್ಲಿ ಕಟ್ಟು ಇರಲಿಲ್ಲ, ಬೇಳೆಯೂ ಇರಲಿಲ್ಲ. ಊಟವಾದ ಮೇಲೆ ಒಲೆಯ ಪಕ್ಕದ ಬೆಚ್ಚಗಿನ ಗೂಡಿನಿಂದ ಬೂಚು ಹಾಕಿದ ಒಂದು ಶೀಶೆ ತಂದು ನನ್ನ ಮುಂದಿಟ್ಟಳು. ಒಳಗೆ ತಿಳಿ ಬಂಗಾರದ ಬಣ್ಣದ ಕಟ್ಟು. ಪ್ರತಿ ವಾರ ಡಾಕ್ಟರಿಗೆ ಕಳಿಸುವ ಗಿಂಡಿಯಿಂದಲೇ ಒಂದು ಶೀಶೆ ತೆಗೆದಿಟ್ಟು, ಮುಂದಿನ ವಾರದವರೆಗೆ ಏನಾಗುತ್ತದೆ ಎಂದು ನೋಡುತ್ತ ಬಂದಿದ್ದಳಂತೆ. ಒಂದು ಸಲವೂ ಮಬ್ಬಾಗಿರಲಿಲ್ಲ.

"ನನ್ನ ಕಟ್ಟು ತಿಳೀನೇ ಅದ. ಬರೋ ಶುಕ್ರವಾರ ನಾನೂ ಬರ್ತೀನಿ. ಡಾಕ್ಟರ್ ಸಾಹೇಬರಿಗೆ ನಾನೇ ತೋರಸ್ತೀನಿ" ಎಂದಳು.

ಈ ವಾರಗಳನ್ನೆಲ್ಲ ನಾನು ಹೇಗೆ ಕಳೆದೆ ಎಂದು ಈಗ ಹೇಳಿಬಿಡುವುದು ಒಳ್ಳೆಯದು. ಮೊದಲ ವಾರದಿಂದಲೂ ಶೀಶೆಯ ವಿಷಯ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೇಳಿದವನು ನಾನೇ. ಇಡೀ ತಹಸೀಲಿನಲ್ಲಿ ಸ್ವಂತ ಜರಾಸೀಮ್ ಸಾಕಿದವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಶೀಶೆ ಕೊಟ್ಟಿಗೆ ಬಿಟ್ಟು ನನ್ನ ಕಿಸೆಗೆ ಬಂದ ಮೇಲೆ, ಮುಂಜಾನೆ ತಹಸೀಲ್ದಾರರು ಬರುವ ಮುಂಚೆ ಗುಮಾಸ್ತರೆಲ್ಲ ನನ್ನ ಮೇಜಿನ ಸುತ್ತ ಸೇರುತ್ತಿದ್ದರು. ಗಾಜಿನ ಮೇಲಿಂದ ನೋಡಿದರೆ ಸರಿಯಾಗಿ ಕಾಣುವುದಿಲ್ಲ ಎಂದು ಒಬ್ಬರು ಎಂದರು, ಬೂಚು ತೆಗೆದೆ. ವಾಸನೆ ಹೇಗಿದೆ ನೋಡೋಣ ಎಂದು ಇನ್ನೊಬ್ಬರು ಎಂದರು, ಮೂಗಿಗೆ ಹಿಡಿದೆ. ಅವರು ಒಳಗೆ ಬಗ್ಗಿ ಉಸಿರು ಬಿಟ್ಟರು. ಸರದಿಯ ಮೇಲೆ ಎಲ್ಲರೂ ಬಿಟ್ಟರು. ಒಂದು ದಿನ ಒಳಗೆ ಏನಾದರೂ ಓಡಾಡುತ್ತದೆಯೇ ಎಂದು ನಾನು ಕಲಮಿನ ತುದಿಯಿಂದ ಮೆಲ್ಲಗೆ ಕಲಕಿಯೂ ನೋಡಿದ್ದೆ. ಆಮೇಲೆ ಬೂಚನ್ನು ಅಂಗಿಗೆ ಒರೆಸಿ ಗಟ್ಟಿಯಾಗಿ ಹಾಕುತ್ತಿದ್ದೆ. ಸ್ವಚ್ಛತೆಯಲ್ಲಿ ನಾನು ಕಡಿಮೆ ಮಾಡಿದೆ ಎಂದು ಯಾರೂ ಹೇಳುವಂತಿರಲಿಲ್ಲ. ಬೂಚು ಯಾರಾದರೂ ತೆಗೆದರೇ ಎಂದು ಡಾಕ್ಟರು ಎರಡು ಸಲ ಕೇಳಿದ್ದರು. ಎರಡು ಸಲವೂ ಇಲ್ಲ ಎಂದಿದ್ದೆ. ಮೊದಲನೆಯ ಸಲ ನಾಚಿಕೆಗೆ, ಎರಡನೆಯ ಸಲ ಮೊದಲನೆಯ ಸಲ ಹೇಳಿದ್ದಕ್ಕೆ.

ಶುಕ್ರವಾರ ನಾವಿಬ್ಬರೂ ಹೋದೆವು. ನನ್ನ ಕಿಸೆಯ ಶೀಶೆ ಎಂದಿನಂತೆ ಮಬ್ಬಾಗಿತ್ತು. ಡಾಕ್ಟರು ಅದನ್ನು ನೋಡಿ ಇಕ್ಕಳ ತೆಗೆದು ಕುದಿಯುವ ನೀರಿನ ಪಾತ್ರೆಗೆ ಹಾಕಿದರು. ಇಕ್ಕಳ ನೀರಿನೊಳಗೆ ಕಟಕಟ ಎನ್ನತೊಡಗಿತು. ನೀಲಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದು ತನ್ನ ಶೀಶೆಯನ್ನು ಮೇಜಿನ ಮೇಲೆ, ನನ್ನ ಶೀಶೆಯ ಪಕ್ಕದಲ್ಲಿ ಇಟ್ಟಳು. ಒಂದೇ ಗಿಂಡಿಯ ಕಟ್ಟು, ಒಂದೇ ವಾರದ್ದು ಎಂದು ಹೇಳಿದಳು. ಒಂದು ತಿಳಿ, ಒಂದು ಮಬ್ಬು. ಡಾಕ್ಟರು ಎರಡನ್ನೂ ಎತ್ತಿ ಕಿಟಕಿಯ ಕಡೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಟ್ಟಿನಾಗ ದೋಷ ಇಲ್ಲ. ಹಲ್ಲಿನಾಗೂ ನನಗ ಕಾಣವಲ್ದು. ಪೇಶಕಾರ ಸಾಹೇಬ್ರ, ಕಡೀ ಸಲ ಕೇಳ್ತೀನಿ. ಬೂಚು ತಗದೀರೇನು?"

ಪಾತ್ರೆಯಲ್ಲಿ ಇಕ್ಕಳದ ಸದ್ದು ಕೇಳುತ್ತಲೇ ಇತ್ತು. ನೀಲಮ್ಮ ನನ್ನನ್ನು ನೋಡುತ್ತಿದ್ದಳು. ಹದಿನೈದು ವರ್ಷ ಸಂಸಾರ ಮಾಡಿದವಳಿಗೆ ನನ್ನ ಮುಖ ಓದಲು ಯಾವ ಪೇಶಕಾರನೂ ಬೇಕಾಗಿರಲಿಲ್ಲ. ನಾನು ಹೌದು ಎಂದೆ. ಎಷ್ಟು ಸಲ ಎಂದರು. ದಿನಕ್ಕೊಮ್ಮೆ ಎಂದೆ. ಆಮೇಲೆ, ಎಲ್ಲ ಹೇಳಿಯೇಬಿಡೋಣ ಎಂದು, ಕಚೇರಿಯವರೆಲ್ಲ ಉಸಿರು ಬಿಟ್ಟದ್ದನ್ನೂ ಕಲಮಿನಿಂದ ಕಲಕಿದ್ದನ್ನೂ ಹೇಳಿದೆ.

ಡಾಕ್ಟರು ಕುರ್ಚಿಗಾಗಿ ನೋಡಿದರು. ಖಾಲಿ ಇದ್ದದ್ದು ರೋಗಿಗಳ ಎತ್ತರದ ಕುರ್ಚಿ ಒಂದೇ. ಅದನ್ನೇ ಹತ್ತಿ ಕೂತು, ತಲೆ ಒರಗಿಸಿ, ಮಾಡಿನ ಕಡೆ ನೋಡುತ್ತ ಮೆಲ್ಲಗೆ ಹೇಳಿದರು: "ಇಷ್ಟು ವಾರದಿಂದ ನಾನು ನಿಮ್ಮ ಕಚೇರಿಯ ಜರಾಸೀಮ್ ಸಾಯಿಸ್ಲಿಕತ್ತೀನಿ."

ನನಗೆ ಆಗ ಆದ ನಾಚಿಕೆ ಹಲ್ಲುನೋವಿಗಿಂತ ಹೆಚ್ಚಿನದು. ಒಂದು ಹಲ್ಲರ ಉಳಿಸಬೇಕು ಎಂದು ಆ ಮನುಷ್ಯ ನಮಾಜಿನ ಹೊತ್ತು ಮೀರುವವರೆಗೂ ನನ್ನ ಬಾಯಿಯ ಮೇಲೆ ಬಗ್ಗಿ ನಿಂತದ್ದು ಕಣ್ಣಮುಂದೆ ಬಂತು. ಕ್ಷಮೆ ಕೇಳಿದೆ. ಅವರು ಎದ್ದು ಇಕ್ಕಳವನ್ನು ನೀರಿನಿಂದ ತೆಗೆದು ಒರೆಸಿ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು. ನೀಲಮ್ಮನ ಕಡೆ ತಿರುಗಿ, "ಅಮ್ಮಾವ್ರ, ನಿಮ್ಮ ಕಟ್ಟಿನ ಮ್ಯಾಲ ಅನುಮಾನ ಮಾಡಿದ್ದು ನನ್ನ ತಪ್ಪು" ಎಂದರು. ಅವಳು, ಹಲ್ಲು ಉಳಿದರೆ ಸಾಕ್ರಿ ಎಂದಳು. ಆ ಕೋಣೆಯಲ್ಲಿ ಇಬ್ಬರು ದೊಡ್ಡವರು ಇದ್ದರು, ನಾನು ಮೂರನೆಯವನು.

ಆ ದಿನ ಹೊಸ ಕಾಗದದ ಕಡ್ಡಿ ಹಾಕಿದ ಶೀಶೆಯ ಬೂಚಿನ ಮೇಲೆ ಡಾಕ್ಟರು ದಾರ ಸುತ್ತಿ, ಅರಗು ಕರಗಿಸಿ ಹಚ್ಚಿ, ತಮ್ಮ ಉಂಗುರದಿಂದ ಮುದ್ರೆ ಒತ್ತಿದರು. ಸರ್ಕಾರಿ ಕಾಗದಕ್ಕೆ ಮುದ್ರೆ ಹಾಕುವ ನನಗೇ ಮುದ್ರೆ ಹಾಕಿ ಕಳಿಸಿದರು. ಗುಮಾಸ್ತರು ನಾಲ್ಕು ದಿನ ಬಂದು ನೋಡಿ, ಇದರಲ್ಲಿ ಇನ್ನು ಸ್ವಾರಸ್ಯವಿಲ್ಲ ಎಂದು ತಮ್ಮ ತಮ್ಮ ಮೇಜಿಗೆ ಹೋದರು. ಶುಕ್ರವಾರ ಶೀಶೆ ತಿಳಿಯಾಗಿತ್ತು. ಖಾತ್ರಿಗೆ ಇನ್ನೊಂದು ವಾರ ನೋಡಿದರು, ಅದೂ ತಿಳಿ. ಆಮೇಲೆ ಕಾಯಿಸಿದರೆ ಮೆತ್ತಗಾಗುವ ಒಂದು ಅಂಟಿನ ಕಡ್ಡಿಯನ್ನು ಕಾಲುವೆಯೊಳಗೆ ಇಳಿಸಿ, ತುಂಬಿ, ಕಿಂಡಿ ಮುಚ್ಚಿದರು. ಕೆಲಸ ಮುಗಿದ ಮೇಲೆ ಕನ್ನಡಿ ಕೊಟ್ಟರು. ನೋಡಲಿಕ್ಕೆ ಏನೂ ಇರಲಿಲ್ಲ, ಮೊದಲಿನ ಬೂದಿ ಬಣ್ಣದ ಹಲ್ಲೇ. ನಾನು 'ಫ' ಎಂದೆ, 'ಜ' ಎಂದೆ, 'ಫೈಸಲಾ' ಎಂದೆ. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು. ಕಿತ್ತ ಹಲ್ಲುಗಳ ಬಟ್ಟಲನ್ನು ಅಂದು ಅವರು ಮೇಜಿನ ಕೆಳಗೆ ಇಟ್ಟಿದ್ದರು.

ತಾಲ್ಲೂಕುದಾರ ಸಾಹೇಬರು ಬಂದರು. ನಾನು ಎರಡು ತಾಸು ನಿಂತು ಓದಿದೆ, ಒಂದು ಅಕ್ಷರವೂ ಜಾರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡು ತಲೆದೂಗುತ್ತ ಕೇಳಿದರು. ಮುಗಿದ ಮೇಲೆ ಕಣ್ಣು ತೆರೆದು, ಇಲ್ಲಿ ಎಲ್ಲೋ ಲವಂಗ ಹಾಕಿ ಪುಲಾವ್ ಮಾಡುತ್ತಿದ್ದಾರೆ, ಒಳ್ಳೆಯ ವಾಸನೆ ಎಂದರು. ನಮ್ಮ ತಹಸೀಲ್ದಾರರು ಹೌದೆಂದು ಹೇಳಿ, ದಫೇದಾರರ ಮನೆಗೆ ಆಳನ್ನು ಓಡಿಸಿ, ಖರೆಯೇ ಪುಲಾವ್ ಮಾಡಿಸಬೇಕಾಯಿತು. ನನ್ನ ಓದಿನ ವಿಷಯ ಯಾರೂ ಎತ್ತಲಿಲ್ಲ.

ಮುಂದೆ ಎರಡು ವರ್ಷಕ್ಕೆ ನೀಲಮ್ಮನ ಕೋರೆಹಲ್ಲು ನೋಯತೊಡಗಿತು. ಅವಳು ಆಡಕಿಯ ಮುದುಕಿಯ ಹೆಸರು ಎತ್ತದೆ ನೆಟ್ಟಗೆ ಶಹಾಬಾದಿಗೆ ಹೊರಟಳು. ಡಾಕ್ಟರು ಅವಳನ್ನು ಹಳೆಯ ಜೊತೆಗಾರರನ್ನು ಕಂಡಂತೆ ಬರಮಾಡಿಕೊಂಡು, ಕುಂದ್ರಿಸಿ, ಮೊದಲು ಕಟ್ಟಿನ ಸಮಾಚಾರ ಕೇಳಿದರು. ಎರಡನೆಯ ಭೇಟಿಯಲ್ಲಿ ಶೀಶೆ ಕೊಟ್ಟರು. ನನಗೆ ಅರಗು ಹಚ್ಚಿ ಮುದ್ರೆ ಒತ್ತಿ ಕೊಟ್ಟವರು ಅವಳಿಗೆ ಬರೀ ಬೂಚು ಹಾಕಿ ಕೊಟ್ಟರು. ಅವಳು ಅದನ್ನು ಎಲೆ ಅಡಿಕೆಯ ಚಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಾರವಿಡೀ ಅಡುಗೆ ಮಾಡಿದಳು, ನೀರು ತಂದಳು, ದನ ಕಟ್ಟಿದಳು. ಒಮ್ಮೆಯೂ ತೆಗೆದು ನೋಡಲಿಲ್ಲ. ನಾಲ್ಕನೆಯ ದಿನಕ್ಕೆ ನನಗೇ ತಡೆಯಲಾರದೆ, ಮಬ್ಬಾಗಿದೆಯೋ ಹೇಗೋ ನೋಡಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದೆ. "ಶುಕ್ರವಾರ ಡಾಕ್ಟರ್ ನೋಡ್ತಾರಲ್ರಿ" ಎಂದು ಹೇಳಿ ರೊಟ್ಟಿ ತಟ್ಟತೊಡಗಿದಳು.

ಶುಕ್ರವಾರ ವಾಡಿ ದಾಟಿ ಶಹಾಬಾದಿನ ಗಾಡಿಯಲ್ಲಿ ಕೂತಿದ್ದೆವು. ಅವಳು ಕಿಟಕಿಗೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಚಂಚಿ ಮಡಿಲಲ್ಲಿತ್ತು, ಅದರ ಬಾಯಿಂದ ಶೀಶೆಯ ಬೂಚು ಸ್ವಲ್ಪ ಹೊರಗೆ ಕಾಣುತ್ತಿತ್ತು. ಎದುರಿನ ಬೆಂಚಿನವರು ಹೊರಗೆ ನೋಡುತ್ತಿದ್ದರು. ನಾನು ಅದರ ಮೇಲೆ ಬರೀ ಎರಡು ಬೆರಳು ಇಟ್ಟೆ.

"ಕೈ ತಗೀರಿ" ಎಂದಳು ನೀಲಮ್ಮ.

ಬೂಚು ಗಟ್ಟಿ ಇದೆಯೋ ಇಲ್ಲವೋ ನೋಡುತ್ತಿದ್ದೆ ಎಂದು ಹೇಳಿದೆ. ಅವಳು ಕಣ್ಣು ತೆರೆಯಲೇ ಇಲ್ಲ.